ಎರಡು ಹೆಜ್ಜೆ ತಡವಾದ ವೀರ

ಆರ್ಥರ್ ರಾಜನ ರಾಣಿಯನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ. ಹುಡುಕಿಕೊಂಡು ಹೊರಟ ವೀರ ಲ್ಯಾನ್ಸಲಾಟ್‌ನ ಕುದುರೆ ಓಡಿ ಓಡಿ ಸತ್ತೇ ಹೋಗಿದೆ. ಮೈತುಂಬಾ ಕಬ್ಬಿಣ ಹೊತ್ತುಕೊಂಡು ಅವನು ನಡೆಯುತ್ತಿದ್ದಾನೆ. ಆಗ ಒಂದು ಗಾಡಿ ಸಿಗುತ್ತದೆ, ಹೊಡೆಯುತ್ತಿರುವವನು ಒಬ್ಬ ಕುಳ್ಳ. ರಾಣಿ ಯಾವ ಕಡೆ ಹೋದಳು ನೋಡಿದೆಯಾ ಅಂತ ಕೇಳಿದರೆ, ಗಾಡಿ ಹತ್ತು, ನಾಳೆ ಹೊತ್ತಿಗೆ ಗೊತ್ತಾಗುತ್ತೆ ಅನ್ನುತ್ತಾನೆ.

ಅದು ಸುಮ್ನೆ ಗಾಡಿ ಅಲ್ಲ. ಕೊಲೆಗಾರರನ್ನ, ಕಳ್ಳರನ್ನ ಕೂರಿಸಿ ಊರ ಬೀದಿಯಲ್ಲೆಲ್ಲ ಸುತ್ತಿಸುವ ಗಾಡಿ. ಒಂದು ಸಲ ಅದರಲ್ಲಿ ಕೂತವನನ್ನು ಆಮೇಲೆ ಯಾವ ಅರಮನೆಯಲ್ಲೂ ಬಾ ಅನ್ನುವವರಿಲ್ಲ. ಲ್ಯಾನ್ಸಲಾಟ್ ಹಿಂದೆಮುಂದೆ ನೋಡುತ್ತಾನೆ. ಎರಡೇ ಎರಡು ಹೆಜ್ಜೆ ಹಾಕುವಷ್ಟು ಹೊತ್ತು. ಆಮೇಲೆ ಹಾರಿ ಹತ್ತುತ್ತಾನೆ. ಹಿಂದೆಯೇ ಬಂದ ಆರ್ಥರನ ಇನ್ನೊಬ್ಬ ವೀರ ಗವೇನ್‌ಗೂ ಕುಳ್ಳ ಅದೇ ಮಾತು ಹೇಳುತ್ತಾನೆ. ಕುದುರೆ ಬಿಟ್ಟು ಗಾಡಿ ಹತ್ತೋಕೆ ನನಗೇನು ಹುಚ್ಚಾ ಅಂತ ಗವೇನ್ ಕುದುರೆ ಮೇಲೇ ಕೂತು ಹಿಂಬಾಲಿಸುತ್ತಾನೆ.

ಮುಂದೆ ಲ್ಯಾನ್ಸಲಾಟ್ ಪಡುವ ಪಾಡು ಒಂದೆರಡಲ್ಲ. ಊರಿನ ಜನ ಅವನನ್ನು ನೋಡಿ ಕೂಗಿ ಅಣಕಿಸುತ್ತಾರೆ. ಕತ್ತಿಯ ಅಲಗಿನ ಹಾಗೆ ಹರಿತವಾದ ಸೇತುವೆ ಮೇಲೆ ಬರಿಗೈ ಬರಿಗಾಲಲ್ಲಿ ತೆವಳಿ, ಕೈಕಾಲು ಮಂಡಿಯೆಲ್ಲ ಕೊಯ್ದುಕೊಂಡು ದಾಟುತ್ತಾನೆ. ರಾಣಿಯನ್ನು ಹಿಡಿದಿಟ್ಟವನ ಜೊತೆ ಕಾದಾಡುತ್ತಾನೆ. ಕೊನೆಗೆ ರಾಣಿಯ ಮುಂದೆ ಹೋಗಿ ನಿಂತರೆ ಆಕೆ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾಳೆ. ಗಾಡಿ ಹತ್ತಿ ಮರ್ಯಾದೆ ಕಳೆದುಕೊಂಡೆನಲ್ಲ, ಅದಕ್ಕೇ ಸಿಟ್ಟಿರಬೇಕು ಅಂತ ಇವನು ಅಂದುಕೊಳ್ಳುತ್ತಾನೆ. ಆಕೆಯ ಸಿಟ್ಟು ಬೇರೆಯದೇ. ಹತ್ತುವ ಮುಂಚೆ ಎರಡು ಹೆಜ್ಜೆ ಯಾಕೆ ಯೋಚನೆ ಮಾಡಿದೆ? ನನಗಿಂತ ನಿನ್ನ ಮಾನ ಜಾಸ್ತಿ ಆಯ್ತಾ?

ಇದನ್ನು ಬರೆದವನು ಕ್ರೆಟಿಯನ್ ದ ತ್ರ್ವಾ, 12ನೇ ಶತಮಾನದ ಕೊನೆಯ ಭಾಗದಲ್ಲಿ, ಫ್ರೆಂಚ್‌ನಲ್ಲಿ. ಷಾಂಪೇನ್ ಪ್ರಾಂತ್ಯದ ಒಡತಿ ಕೌಂಟೆಸ್ ಮರೀ ಕಥೆಯ ವಸ್ತು ಕೊಟ್ಟಳು, ನಾನು ಬರೆದೆ ಅಂತ ಅವನೇ ಶುರುವಿನಲ್ಲಿ ಹೇಳಿಕೊಳ್ಳುತ್ತಾನೆ. ಆಮೇಲೆ ಏನನ್ನಿಸಿತೋ, ಅರ್ಧಕ್ಕೆ ಬಿಟ್ಟ. ಗೊಡೆಫ್ರಾ ಅನ್ನುವ ಇನ್ನೊಬ್ಬ ಮುಗಿಸಿದ.

ದಾವಣಗೆರೆಯಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದೇನೆ. ಕೊನೆಯ ಸೆಮಿಸ್ಟರ್‌ನ ಪ್ರಬಂಧಕ್ಕೆ ಆರ್ಥರ್ ಕಥೆಗಳಲ್ಲಿನ ಮಾನ ಮರ್ಯಾದೆ ಅನ್ನುವ ವಿಷಯ ತಗೊಂಡಿದ್ದೇನೆ. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಹಾಸ್ಟೆಲ್ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ಇಷ್ಟು ದೂರದ ಕುದುರೆ ಸವಾರರ ಕಥೆ ಇಟ್ಕೊಂಡು ಏನ್ ಮಾಡ್ತೀಯೋ? ಈ ಕುದುರೆ ಸವಾರ ವೀರರು, ಅಂದರೆ ನೈಟ್‌ಗಳು, ಪಾಲಿಸಬೇಕಾದ ನಡತೆಗೆ ಶಿವಲ್ರಿ ಅನ್ನುತ್ತಾರೆ. ಶಿವಲ್ರಿ ಅಂದರೆ ಗೆಳೆಯರಿಗೆ ಹುಡುಗಿಗೆ ಬಾಗಿಲು ತೆಗೆದು ನಿಲ್ಲುವುದು, ಮಂಡಿಯೂರಿ ಹೂ ಕೊಡುವುದು, ರಾಜಕುಮಾರಿಯನ್ನು ಕೋಟೆಯಿಂದ ಬಿಡಿಸಿ ತರುವುದು. ಸಿನಿಮಾದವರು ಕಲಿಸಿದ್ದು ಅದನ್ನೇ, ಪಾಪ. ಮೂಲ ಕಥೆ ಓದುತ್ತಾ ಹೋದರೆ ಮಾತ್ರ ನನಗೆ ಬೇರೆಯೇ ಕಾಣುತ್ತದೆ. ಈ ಕವಿಗಳಿಗೆ ವೀರರನ್ನು ಹೊಗಳುವ ಆಸೆ ಇತ್ತು, ಇಲ್ಲ ಅನ್ನಲ್ಲ. ಆದರೆ ಅವರ ಕಣ್ಣು ಇದ್ದದ್ದು ವೀರರು ಎಡವುವ ಜಾಗದ ಮೇಲೆ. ದೊಡ್ಡ ಯುದ್ಧದಲ್ಲಿ ಇವರು ಸೋಲುವುದು ಕಡಿಮೆ. ಎಡವುವುದೆಲ್ಲ ಎರಡು ಹೆಜ್ಜೆ, ಒಂದು ಸೊಂಟದ ಪಟ್ಟಿ, ದಾರಿಯಲ್ಲಿ ಕೇಳಿದ ಒಂದು ಕೂಗು, ಇಂಥ ಸಣ್ಣ ಕಡೆಯಲ್ಲೇ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಆರ್ಥರ್ ಅನ್ನುವವನು ನಿಜಕ್ಕೂ ಇದ್ದಿದ್ದರೆ 5-6ನೇ ಶತಮಾನದವನು. ಅವನನ್ನು ಯುರೋಪಿಗೆಲ್ಲ ಪರಿಚಯ ಮಾಡಿಸಿದ್ದು 1130ರ ದಶಕದಲ್ಲಿ ಜೆಫ್ರಿ ಆಫ್ ಮನ್ಮತ್ ಲ್ಯಾಟಿನ್‌ನಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆ. ಆರ್ಥರನ ವೀರರು ಸುತ್ತ ಕೂರುವ ದುಂಡು ಮೇಜು ಅದರಲ್ಲಿ ಇಲ್ಲವೇ ಇಲ್ಲ. ಅದು ಬಂದದ್ದು 1155ರಲ್ಲಿ, ವಾಸ್ ಎಂಬ ನಾರ್ಮನ್ ಕವಿಯಿಂದ. ನಾನು ಮುಂದೆ, ನೀನು ಹಿಂದೆ ಅಂತ ಕೂರುವ ಜಾಗಕ್ಕೆ ಜಗಳ ಬರಬಾರದು ಅಂತ ಮಾಡಿಸಿದ ಮೇಜಂತೆ. ಮದುವೆ ಊಟದ ಪಂಕ್ತಿಯಲ್ಲಿ ನಡೆಯುವ ರಾದ್ಧಾಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಥೆಯಲ್ಲಿನ ಕವಚ, ಈಟಿ, ಪಂದ್ಯ ಎಲ್ಲ ಆಯಾ ಕವಿಗಳ ಕಾಲದ್ದು, ಆರ್ಥರ್ ಕಾಲದ್ದಲ್ಲ.

ಇಷ್ಟರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಗವೇನ್ ಮತ್ತು ಹಸಿರು ನೈಟ್‌ನ ಕಥೆ. 14ನೇ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯ, 2530 ಸಾಲು. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಒಂದೇ ಒಂದು ಹಸ್ತಪ್ರತಿ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆ ಒಂದು ಪ್ರತಿ ಹಾಳಾಗಿದ್ದರೆ ಈ ಕಥೆ ನಮಗೆ ಸಿಗುತ್ತಲೇ ಇರಲಿಲ್ಲ.

ಹೊಸ ವರ್ಷದ ಹಬ್ಬದೂಟ ನಡೆಯುತ್ತಿರುವಾಗ ಆರ್ಥರನ ಸಭೆಗೆ ಒಬ್ಬ ದೈತ್ಯ ಕುದುರೆ ಸಮೇತ ನುಗ್ಗುತ್ತಾನೆ. ಮೈ ಹಸಿರು, ಗಡ್ಡ ಹಸಿರು, ಕುದುರೆಯೂ ಹಸಿರು. ನನ್ನ ಕುತ್ತಿಗೆಗೆ ಈಗ ಒಂದು ಏಟು ಹಾಕಿ, ಒಂದು ವರ್ಷ ಒಂದು ದಿನ ಆದಮೇಲೆ ನನ್ನಿಂದ ಒಂದು ಏಟು ತಿನ್ನಿ, ಯಾರಿದ್ದೀರಿ ಬನ್ನಿ ಅನ್ನುತ್ತಾನೆ. ಗವೇನ್ ಎದ್ದು ಕೊಡಲಿ ಬೀಸಿ ತಲೆ ಹಾರಿಸುತ್ತಾನೆ. ತಲೆ ಹೋದ ದೈತ್ಯನೇ ಉರುಳುತ್ತಿರುವ ತಲೆಯನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾನೆ. ಆ ತಲೆಯೇ ಬಾಯಿ ಬಿಟ್ಟು, ಮಾತು ಮರೀಬೇಡ, ಹಸಿರು ಗುಡಿಗೆ ಬಾ ಅಂತ ಹೇಳುತ್ತದೆ.

ವರ್ಷ ತಿರುಗುತ್ತದೆ. ಗವೇನ್ ಹೊರಡುತ್ತಾನೆ. ಗುರಾಣಿ ಮೇಲೆ ಐದು ಮೂಲೆಯ ನಕ್ಷತ್ರ, ಐದು ಬಗೆಯ ಗುಣಗಳ ಗುರುತು. ಚಳಿಯಲ್ಲಿ ಅಲೆದು ಅಲೆದು ಕ್ರಿಸ್‌ಮಸ್ ಹಿಂದಿನ ದಿನ ಒಂದು ಕೋಟೆ ಸೇರುತ್ತಾನೆ. ಅಲ್ಲಿನ ಯಜಮಾನ ತುಂಬಾ ಉಪಚಾರ ಮಾಡಿ ಒಂದು ಆಟ ಕಟ್ಟುತ್ತಾನೆ. ಮೂರು ದಿನ ನಾನು ಬೇಟೆಗೆ ಹೋಗ್ತೀನಿ, ನೀನು ಮನೆಯಲ್ಲಿರು. ಸಂಜೆ ನನಗೆ ಸಿಕ್ಕಿದ್ದು ನಿನಗೆ, ನಿನಗೆ ಸಿಕ್ಕಿದ್ದು ನನಗೆ. ಮನೆಯಲ್ಲಿ ಯಜಮಾನನ ಹೆಂಡತಿ ದಿನಾ ಬೆಳಿಗ್ಗೆ ಗವೇನ್ ಮಲಗಿದ್ದಲ್ಲಿಗೆ ಬಂದು ಕೂರುತ್ತಾಳೆ. ಆಕೆಯ ಮಾತಿಗೆ ಒಪ್ಪಿದರೆ ಉಂಡ ಮನೆಗೆ ದ್ರೋಹ, ಒರಟಾಗಿ ಬೇಡ ಅಂದರೆ ಹೆಣ್ಣಿಗೆ ಅವಮರ್ಯಾದೆ. ಮೊದಲ ದಿನ ಒಂದು ಮುತ್ತು, ಎರಡನೇ ದಿನ ಎರಡು, ಮೂರನೇ ದಿನ ಮೂರು. ಸಂಜೆ ಅಷ್ಟನ್ನೂ ಚಾಚೂ ತಪ್ಪದೆ ಯಜಮಾನನಿಗೆ ಒಪ್ಪಿಸುತ್ತಾನೆ. ಅವನು ಕೊಡುವುದು ಜಿಂಕೆ, ಹಂದಿ, ಕೊನೆಗೆ ನರಿ. ಇಲ್ಲಿ ಕವಿ ಒಳ್ಳೆ ತಮಾಷೆ ಮಾಡುತ್ತಾನೆ.

ಆದರೆ ಮೂರನೇ ದಿನ ಆಕೆ ಇನ್ನೊಂದು ಕೊಟ್ಟಿರುತ್ತಾಳೆ. ಸೊಂಟಕ್ಕೆ ಕಟ್ಟುವ ಹಸಿರು ರೇಷ್ಮೆ ಪಟ್ಟಿ. ಇದು ಮೈಮೇಲಿದ್ದರೆ ಯಾರೂ ನಿನ್ನನ್ನು ಕೊಲ್ಲಲಾರರು, ಗಂಡನಿಗೆ ಮಾತ್ರ ಹೇಳಬೇಡ ಅಂದಿರುತ್ತಾಳೆ. ಮಾರನೇ ದಿನ ಕತ್ತು ಕೊಡಲಿಗೆ ಕೊಡಬೇಕಾದವನು ಏನು ಮಾಡಿಯಾನು? ಗವೇನ್ ಪಟ್ಟಿಯನ್ನು ಒಳಗೆ ಇಟ್ಟುಕೊಂಡ. ಮುತ್ತು ಮೂರನ್ನೂ ಕೊಟ್ಟ, ಪಟ್ಟಿಯ ಸುದ್ದಿ ಎತ್ತಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆ ನಮ್ಮೂರು. ಅಜ್ಜ ಹಿಂದೆ ಬಯಲಾಟದಲ್ಲಿ ಕರ್ಣನ ಪಾತ್ರ ಮಾಡುತ್ತಿದ್ದವರು, ಈಗಲೂ ಕುಂತ ಕಡೆ ಮಾತು ಹೊಡೆಯುತ್ತಾರೆ. ರಜೆಯಲ್ಲಿ ಹೋದಾಗ ಕಟ್ಟೆ ಮೇಲೆ ಕೂತು ಈ ಕಥೆ ಅವರಿಗೆ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಾ ಹೂಂಗುಟ್ಟುತ್ತಿದ್ದವರು ಪಟ್ಟಿಯ ವಿಷಯ ಬಂದಾಗ ಕೈ ನಿಲ್ಲಿಸಿದರು.

"ಅಲ್ಲ ಕಣಪ್ಪಾ, ಬಚ್ಚಿಟ್ಕಂಡ್ನಾ?"

"ಹೂಂ ಅಜ್ಜ."

"ನಮ್ಮ ಕರ್ಣ ಮೈಮೇಲಿಂದು ಕೊಯ್ದು ಕೊಟ್ಟ. ಬಂದೋನು ಇಂದ್ರ ಅಂತ ಗೊತ್ತಿತ್ತು, ಕೊಟ್ರೆ ಸಾಯ್ತೀನಿ ಅಂತಾನೂ ಗೊತ್ತಿತ್ತು. ಇವ್ನು ಒಂದು ಅರಿವೆ ತುಂಡು ಕೊಡಕ್ಕಾಗ್ಲಿಲ್ವಾ?"

ನಾನು ಇಷ್ಟು ದಿನ ಪುಸ್ತಕಗಳ ಮೇಲೆ ಪುಸ್ತಕ ಓದಿದರೂ ಈ ಜೋಡಿ ನನಗೆ ಹೊಳೆದಿರಲಿಲ್ಲ. ಇಬ್ಬರಿಗೂ ಜೀವ ಕಾಯುವ ಒಂದು ವಸ್ತು ಸಿಕ್ಕಿದೆ. ಒಬ್ಬ ಕೊಟ್ಟು ಸತ್ತ, ಇನ್ನೊಬ್ಬ ಇಟ್ಟುಕೊಂಡು ಬದುಕಿದ. ಭಾರತದಲ್ಲಿ ನೆನೆಯುವುದಿದ್ದರೆ ಕರ್ಣನನ್ನು ನೆನೆ ಅಂತ ಪಂಪ ಬರೆದಿದ್ದು ಸುಮ್ಮನೆ ಅಲ್ಲ. ಆದರೂ ನಾನು ಅಜ್ಜನ ಪಕ್ಷ ಪೂರ್ತಿ ಹಿಡಿಯಲಾರೆ. ಕರ್ಣನನ್ನು ದೂರದಿಂದ ಕೈಮುಗಿದು ನೋಡಬೇಕು. ಗವೇನ್ ನಮ್ಮ ಪಕ್ಕದಲ್ಲೇ ಕೂತಿರುವವನ ಹಾಗಿದ್ದಾನೆ.

ಹಸಿರು ಗುಡಿಯಲ್ಲಿ ಕೊಡಲಿ ಮೂರು ಸಲ ಏಳುತ್ತದೆ. ಮೊದಲ ಸಲ ಗವೇನ್‌ನ ಭುಜ ಸ್ವಲ್ಪ ಕುಗ್ಗುತ್ತದೆ, ಬೈಸಿಕೊಳ್ಳುತ್ತಾನೆ. ಎರಡನೇ ಸಲ ಅಲುಗದೆ ನಿಲ್ಲುತ್ತಾನೆ, ಏಟು ಬೀಳುವುದಿಲ್ಲ. ಮೂರನೆಯದು ಕತ್ತಿನ ಚರ್ಮವನ್ನು ಒಂಚೂರು ಸೀಳುತ್ತದೆ, ಅಷ್ಟೇ. ಹಸಿರು ನೈಟ್ ಬೇರೆ ಯಾರೂ ಅಲ್ಲ, ಆ ಕೋಟೆಯ ಯಜಮಾನನೇ. ಹೆಂಡತಿಯನ್ನು ಕಳಿಸಿದ್ದೂ ಅವನೇ. ಆ ಗೀರು ಪಟ್ಟಿ ಮುಚ್ಚಿಟ್ಟಿದ್ದಕ್ಕೆ. ಜೀವದ ಆಸೆಗೆ ಮಾಡಿದೆ, ನಾನು ಅಷ್ಟೇನೂ ತಪ್ಪು ಹಿಡಿಯಲ್ಲ ಅಂತ ಅವನೇ ನಗುತ್ತಾ ಹೇಳುತ್ತಾನೆ. ಗವೇನ್‌ಗೆ ಮಾತ್ರ ತಡೆಯಲಾರದಷ್ಟು ನಾಚಿಕೆ. ನಾಚಿಕೆಯಲ್ಲಿ ಹೆಂಗಸರನ್ನೆಲ್ಲ ಸೇರಿಸಿ ಬೈಯುತ್ತಾನೆ, ಆದಮನ ಕಾಲದಿಂದ ಹೆಣ್ಣಿನಿಂದಲೇ ಕೆಟ್ಟಿದ್ದು ಅಂತ. ಇಷ್ಟು ಹೊತ್ತು ಇಷ್ಟು ನಯವಾಗಿ ಇದ್ದವನು! ಸಿಕ್ಕಿಬಿದ್ದ ಗಂಡಸಿನ ಬಾಯಿಂದ ಮೊದಲು ಬರುವ ಮಾತು ಯಾವ ಕಾಲದಲ್ಲೂ ಒಂದೇ ಅಲ್ವಾ.

ಊರಿಗೆ ವಾಪಸ್ ಬಂದು ಸಭೆಯ ಮುಂದೆ ಎಲ್ಲ ಹೇಳಿಕೊಳ್ಳುತ್ತಾನೆ, ಈ ಪಟ್ಟಿ ನನ್ನ ಸುಳ್ಳಿನ ಗುರುತು, ಸಾಯೋವರೆಗೂ ಹಾಕಿಕೊಂಡಿರ್ತೀನಿ ಅನ್ನುತ್ತಾನೆ. ಸಭೆ ಜೋರಾಗಿ ನಗುತ್ತದೆ. ನಾವೂ ಎಲ್ಲರೂ ಹಸಿರು ಪಟ್ಟಿ ಹಾಕಿಕೊಳ್ಳೋಣ ಅಂತ ತೀರ್ಮಾನ ಆಗುತ್ತದೆ. ಅವನಿಗೆ ಕಳಂಕ, ಇವರಿಗೆ ಬಿರುದು. ಅವರು ಪ್ರೀತಿಯಿಂದ ನಕ್ಕರೋ, ಅವನ ಮಾತು ಅರ್ಥವಾಗದೆ ನಕ್ಕರೋ ಕವಿ ಬಾಯಿ ಬಿಡುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು. ಅರ್ಥವಾಗದೆ ನಕ್ಕರು ಅನ್ನುವುದು ನನ್ನ ವಾದ. ಬಿಳಿ ಬಟ್ಟೆ ಹಾಕಿದವನಿಗೆ ಮಾತ್ರ ಕಾಣುವ ಕಲೆ ಅದು.

ಇನ್ನು ಮ್ಯಾಲರಿ. ಇವನದೇ ಒಂದು ದೊಡ್ಡ ಕಥೆ. ಆರ್ಥರ್ ಕಥೆಗಳನ್ನೆಲ್ಲ ಫ್ರೆಂಚ್‌ನಿಂದ, ಹಳೆಯ ಇಂಗ್ಲಿಷ್ ಪದ್ಯಗಳಿಂದ ಬಾಚಿ ತಂದು ಗದ್ಯದಲ್ಲಿ ಒಟ್ಟು ಮಾಡಿದವನು. 1469-70ರ ಹೊತ್ತಿಗೆ ಮುಗಿಸಿದ, 1485ರಲ್ಲಿ ಕ್ಯಾಕ್ಸ್ಟನ್ ಅಚ್ಚು ಹಾಕಿದ. ನಾನೊಬ್ಬ ಕೈದಿಯಾದ ನೈಟ್, ನನ್ನ ಬಿಡುಗಡೆಗೆ ಪ್ರಾರ್ಥನೆ ಮಾಡಿ ಅಂತ ಪುಸ್ತಕದಲ್ಲೇ ಕೇಳಿಕೊಂಡಿದ್ದಾನೆ. ಬಹುತೇಕ ವಿದ್ವಾಂಸರು ಒಪ್ಪುವ ಮ್ಯಾಲರಿ ವಾರಿಕ್‌ಷೈರ್‌ನ ಜಮೀನ್ದಾರ. ಅವನ ಮೇಲಿದ್ದ ಆರೋಪಗಳ ಪಟ್ಟಿ ಓದಿದರೆ ಎದೆ ಧಸಕ್ ಅನ್ನುತ್ತದೆ. ಡ್ಯೂಕ್ ಒಬ್ಬನನ್ನು ಕೊಲ್ಲಲು ಹೊಂಚು ಹಾಕಿದ್ದು, ಮಠಕ್ಕೆ ನುಗ್ಗಿ ದರೋಡೆ, ಅತ್ಯಾಚಾರ. ಜೊತೆಗೆ 7 ಹಸು, 2 ಕರು, 335 ಕುರಿ ಕದ್ದದ್ದು, ಮತ್ತೆ ಒಂದು ಗಾಡಿ. ಹೌದು, ಗಾಡಿ! ಲ್ಯಾನ್ಸಲಾಟ್ ಹತ್ತಲು ಹಿಂಜರಿದದ್ದನ್ನು ಇವನು ಹೊಡೆದುಕೊಂಡೇ ಹೋದ. ಯಾವ ಆರೋಪವೂ ಕೋರ್ಟಿನಲ್ಲಿ ಸಾಬೀತಾಗಲಿಲ್ಲ, ರಾಜಕೀಯ ದ್ವೇಷವೂ ಇದ್ದಿರಬಹುದು. ಆದರೂ ಮರ್ಯಾದಸ್ಥರ ಬಗ್ಗೆ ಇಂಗ್ಲಿಷಿನ ದೊಡ್ಡ ಪುಸ್ತಕ ಬಂದಿದ್ದು ಜೈಲಿನಿಂದ ಅನ್ನುವುದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಮ್ಯಾಲರಿಯ ದುಂಡು ಮೇಜಿನವರು ಪ್ರತಿ ವರ್ಷ ಪೆಂಟಕೋಸ್ಟ್ ಹಬ್ಬಕ್ಕೆ ಒಂದು ಪ್ರಮಾಣ ಮಾಡಬೇಕು. ಕೊಲೆ ಮಾಡಬಾರದು, ದ್ರೋಹ ಮಾಡಬಾರದು, ಶರಣು ಅಂದವರಿಗೆ ಜೀವದಾನ ಕೊಡಬೇಕು, ಹೆಂಗಸರಿಗೆ ನೆರವಾಗಬೇಕು, ಬಲವಂತ ಮಾಡಿದರೆ ಮರಣದಂಡನೆ, ಹಣದ ಆಸೆಗೆ ಅನ್ಯಾಯದ ಜಗಳಕ್ಕೆ ಕತ್ತಿ ಎತ್ತಬಾರದು. ಪರೀಕ್ಷೆಗೆ ಇಷ್ಟನ್ನೇ ಬಾಯಿಪಾಠ ಮಾಡಿ ಬರೆಯುತ್ತೇವೆ. ಈ ಪ್ರಮಾಣ ಕಥೆಯಲ್ಲಿ ಯಾವಾಗ ಬರುತ್ತದೆ ಅನ್ನುವುದನ್ನು ಯಾರೂ ನೋಡುವುದಿಲ್ಲ.

ಆರ್ಥರನ ಮದುವೆ ಊಟದ ದಿನ ಮೂವರು ವೀರರು ಮೂರು ಕೆಲಸಕ್ಕೆ ಹೊರಡುತ್ತಾರೆ. ಗವೇನ್ ಒಬ್ಬನನ್ನು ಸೋಲಿಸುತ್ತಾನೆ, ಅವನು ಜೀವ ಉಳಿಸು ಅಂತ ಬೇಡುತ್ತಾನೆ. ನನ್ನ ನಾಯಿಗಳನ್ನು ಕೊಂದವನಿಗೆ ಯಾವ ಕರುಣೆ ಅಂತ ಗವೇನ್ ಕತ್ತಿ ಎತ್ತುತ್ತಾನೆ. ಅವನ ಹೆಂಡತಿಯೋ ಪ್ರಿಯತಮೆಯೋ ಅಡ್ಡ ಬಂದು ಅವನ ಮೇಲೆ ಬೀಳುತ್ತಾಳೆ, ಏಟು ಆಕೆಯ ಕುತ್ತಿಗೆಗೆ. ಇನ್ನೊಬ್ಬ ಪೆಲಿನೋರ್. ಬಾವಿಯ ಹತ್ತಿರ ಗಾಯಗೊಂಡವನನ್ನು ತೊಡೆ ಮೇಲೆ ಮಲಗಿಸಿಕೊಂಡ ಹುಡುಗಿಯೊಬ್ಬಳು ನೆರವಿಗೆ ಬನ್ನಿ ಅಂತ ಕೂಗುತ್ತಾಳೆ. ಪೆಲಿನೋರ್‌ಗೆ ತನ್ನ ಕೆಲಸದ ಅವಸರ, ನಿಲ್ಲುವುದಿಲ್ಲ. ಅವನು ಹೊರಟದ್ದೂ ಒಬ್ಬ ಹೆಂಗಸನ್ನು ಬಿಡಿಸಿ ತರಲಿಕ್ಕೇ! ಆ ಕೆಲಸ ಗೆದ್ದು ವಾಪಸ್ ಬರುವಾಗ ಆ ಜಾಗದಲ್ಲಿ ಗಾಯಾಳು ಸತ್ತಿದ್ದಾನೆ, ಹುಡುಗಿ ಅವನ ಕತ್ತಿಯಿಂದಲೇ ಜೀವ ಕಳೆದುಕೊಂಡಿದ್ದಾಳೆ, ಕಾಡುಪ್ರಾಣಿಗಳು ಅವಳನ್ನು ತಿಂದು ತಲೆ ಮಾತ್ರ ಉಳಿದಿದೆ. ಆಮೇಲೆ ಮಾಂತ್ರಿಕ ಮರ್ಲಿನ್ ಹೇಳುತ್ತಾನೆ, ಅವಳು ನಿನ್ನ ಸ್ವಂತ ಮಗಳು ಅಂತ.

ಇಷ್ಟೆಲ್ಲ ಆದಮೇಲೆ ಬರುತ್ತದೆ ಆ ಪ್ರಮಾಣ. ಇಬ್ಬರು ಹೆಂಗಸರ ಹೆಣ ಬಿದ್ದ ಮೇಲೆ ಬರೆದ ಕಾನೂನು. ಒಂದೊಂದು ಸಾಲಿನ ಹಿಂದೂ ಯಾರದೋ ತಪ್ಪಿದೆ ಅಂತ ಗೊತ್ತಿಟ್ಟುಕೊಂಡು ಓದಿದರೆ ಅದು ಆದರ್ಶದ ಪಟ್ಟಿ ಅಂತ ಅನ್ನಿಸುವುದೇ ಇಲ್ಲ.

ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲಿದೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಹೋರಾಡುತ್ತಿರುವವನು, ಅವನ ಹಿಂದೆ ನಾಲ್ಕಾರು ದನ. ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ದನಗಳ ಕಣ್ಣಿನ ಹತ್ತಿರ ಯಾರೋ ಕುಂಕುಮ ಹಚ್ಚಿರುತ್ತಾರೆ. ನಮ್ಮ ಶಾಸನಗಳಲ್ಲಿ ತುರುಗೋಳ್, ಪೆಣ್ಬುಯ್ಯಲ್, ಊರಳಿವು ಅಂತ ಬರುತ್ತದಲ್ಲ, ದನ ಹೊಡೆದುಕೊಂಡು ಹೋದಾಗ, ಹೆಂಗಸರು ಕೂಗಿಕೊಂಡಾಗ, ಊರೇ ಹಾಳಾಗುವಾಗ ಎದ್ದು ಹೋಗಿ ಸತ್ತವರು. ಪೆಲಿನೋರ್ ನಿಲ್ಲದೆ ಹೋದ ಕೂಗಿಗೆ ನಮ್ಮಲ್ಲಿ ಹೋಗಿ ಸತ್ತವನಿಗೆ ಕಲ್ಲು ನೆಟ್ಟರು. ಹಾಗಂತ ನಮ್ಮವರೇ ಮೇಲು ಅಂತ ಎದೆ ಉಬ್ಬಿಸುವ ಹಾಗೂ ಇಲ್ಲ. ಆ ದನ ಹೊಡೆಯಲು ಬಂದವರೂ ಪಕ್ಕದ ಊರಿನವರೇ, ಅವರ ಕಡೆ ಸತ್ತವನಿಗೂ ಅಲ್ಲಿ ಒಂದು ಕಲ್ಲು ನಿಂತಿರಬಹುದು. ಮ್ಯಾಲರಿ ಇಲ್ಲಿ ಹುಟ್ಟಿದ್ದರೆ ಯಾವ ಕಡೆ ಇರುತ್ತಿದ್ದ ಅಂತ ಹೇಳಬೇಕಿಲ್ಲ.

ಇನ್ನೊಂದು ವಿಷಯ. ಬಿದ್ದವನು ಏಳುವವರೆಗೂ ಕಾಯಬೇಕು ಅನ್ನುವ ನಿಯಮ ಈ ಕಥೆಗಳಲ್ಲಿ ಸಿಗುತ್ತದೆ. ಯುದ್ಧದಲ್ಲಿ ಕುದುರೆಯಿಂದ ಬಿದ್ದ ಆರ್ಥರನನ್ನು ಆ ಹೊತ್ತಿಗೆ ಶತ್ರುಪಕ್ಷದಲ್ಲಿದ್ದ ಲ್ಯಾನ್ಸಲಾಟ್ ತಾನೇ ಇಳಿದು ಮತ್ತೆ ಕುದುರೆ ಹತ್ತಿಸುತ್ತಾನೆ. ಓದಲು ಚೆನ್ನಾಗಿದೆ. ಆದರೆ ಇದು ನೈಟ್‌ಗೆ ನೈಟ್ ತೋರಿಸುವ ಮರ್ಯಾದೆ. ಹೊಲ ಉಳುವವನು, ಕಾವಲುಗಾರ, ಅವನ ಹೆಂಡತಿ ಈ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ದುರ್ಗದ ಕೋಟೆಯ ಕಿಂಡಿಯ ಹತ್ತಿರ ನಿಂತಾಗಲೆಲ್ಲ ನನಗೆ ಇದೇ ಯೋಚನೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೆವಳಿ ಬರುವಾಗ ಓಬವ್ವ ಎದ್ದು ನಿಲ್ಲಿ, ಆಮೇಲೆ ಹೊಡೀತೀನಿ ಅಂತ ಕಾದಿದ್ದರೆ? ಕೈಯಲ್ಲಿ ಇದ್ದದ್ದು ಒನಕೆ, ಗಂಡ ಕಾವಲುಗಾರ, ಊಟಕ್ಕೆ ಕೂತಿದ್ದಾನೆ. ಕುದುರೆ ಇದ್ದವರ ನಿಯಮ ಆಕೆಗೆ ಯಾಕೆ ಬೇಕು.

ಮ್ಯಾಲರಿಗೂ ಇದು ಸ್ವಲ್ಪ ಗೊತ್ತಿತ್ತು ಅನ್ನಿಸುವುದು ಗ್ಯಾರೆತ್‌ನ ಕಥೆಯಲ್ಲಿ. ಗ್ಯಾರೆತ್ ಗವೇನ್‌ನ ತಮ್ಮ, ಆದರೆ ಆರ್ಥರನ ಸಭೆಗೆ ಬರುವಾಗ ಹೆಸರು ಹೇಳುವುದಿಲ್ಲ. ಒಂದು ವರ್ಷ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಆಮೇಲೆ ಒಬ್ಬ ಹುಡುಗಿಗೆ ನೆರವಾಗಲು ಹೊರಟರೆ, ನಿನ್ನ ಮೈಯೆಲ್ಲ ಜಿಡ್ಡಿನ ವಾಸನೆ, ದೂರ ನಿಲ್ಲು ಅಂತ ಆಕೆ ದಾರಿಯುದ್ದಕ್ಕೂ ಬೈಯುತ್ತಾಳೆ. ತಿರುಗಿ ಬೈಯದೆ ಒಬ್ಬೊಬ್ಬರನ್ನೇ ಗೆದ್ದುಕೊಂಡು ಹೋಗುತ್ತಾನೆ. ಅವನಿಗೆ ನೈಟ್ ಪಟ್ಟ ಕಟ್ಟಿದವನು ಲ್ಯಾನ್ಸಲಾಟ್. ಗ್ಯಾರೆತ್‌ಗೆ ತನ್ನ ಅಣ್ಣಂದಿರಿಗಿಂತ ಲ್ಯಾನ್ಸಲಾಟ್ ಮೇಲೇ ಪ್ರೀತಿ ಜಾಸ್ತಿ.

ಕೊನೆಯಲ್ಲಿ ಲ್ಯಾನ್ಸಲಾಟ್ ಮತ್ತು ರಾಣಿಯ ವಿಷಯ ಬಯಲಾಗಿ, ರಾಣಿಯನ್ನು ಸುಡಲು ತೀರ್ಪಾಗುತ್ತದೆ. ಕಾವಲಿಗೆ ಹೋಗು ಅಂತ ಆರ್ಥರ್ ಅಂದಾಗ ಗವೇನ್ ಆಗಲ್ಲ ಅಂತ ಖಡಾಖಂಡಿತ ಹೇಳಿಬಿಡುತ್ತಾನೆ. ಗ್ಯಾರೆತ್ ಮತ್ತು ಗವೇನ್‌ನ ಇನ್ನೊಬ್ಬ ತಮ್ಮ ಗ್ಯಾಹೆರಿಸ್ ಕಿರಿಯರು, ರಾಜನಿಗೆ ಇಲ್ಲ ಅನ್ನಲಾಗುವುದಿಲ್ಲ. ಹೋಗ್ತೀವಿ, ಆದರೆ ಇದು ನಮಗೆ ಒಪ್ಪಿಗೆ ಇಲ್ಲ, ಅದಕ್ಕೇ ಕವಚ ಹಾಕಲ್ಲ, ಆಯುಧ ಹಿಡಿಯಲ್ಲ ಅನ್ನುತ್ತಾರೆ. ರಾಜನ ಮಾತೂ ಉಳಿಯಿತು, ತಮ್ಮ ಮನಸ್ಸೂ ಉಳಿಯಿತು. ಲ್ಯಾನ್ಸಲಾಟ್ ರಾಣಿಯನ್ನು ಬಿಡಿಸಲು ನುಗ್ಗಿ ಗುಂಪಿನಲ್ಲಿ ಎಡಬಲ ನೋಡದೆ ಕತ್ತಿ ಬೀಸುತ್ತಾನೆ. ಬರಿಗೈಯಲ್ಲಿ ನಿಂತಿದ್ದ ಇಬ್ಬರೂ ಸಾಯುತ್ತಾರೆ. ಅವರು ಅಲ್ಲಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮಾನ ಕಾಯಲು ಕವಚ ಬಿಟ್ಟು ಬಂದವರು, ಕವಚ ಇಲ್ಲದ್ದರಿಂದಲೇ ಸತ್ತರು.

ಅಲ್ಲಿಂದ ಮುಂದೆ ಎಲ್ಲವೂ ಕುಸಿಯುತ್ತದೆ. ಗವೇನ್ ಸೇಡಿನ ಪ್ರತಿಜ್ಞೆ ಮಾಡುತ್ತಾನೆ, ಅವನ ಮಾತಿಗೆ ಕಟ್ಟುಬಿದ್ದು ಆರ್ಥರ್ ದಂಡು ಕಟ್ಟಿಕೊಂಡು ಫ್ರಾನ್ಸಿಗೆ ಹೋಗುತ್ತಾನೆ, ಹಿಂದೆ ಆರ್ಥರನ ಮಗ ಮಾರ್ಡ್ರೆಡ್ ಸಿಂಹಾಸನ ಹತ್ತುತ್ತಾನೆ. ಇಂಥ ರಾಣಿಯರು ನನಗೆ ಬೇಕಾದಷ್ಟು ಸಿಗುತ್ತಾರೆ, ಇಂಥ ವೀರರ ಕೂಟ ಮತ್ತೆ ಸಿಗಲ್ಲ ಅಂತ ಆರ್ಥರ್ ಅಳುತ್ತಾನೆ. ಈ ಮಾತು ಕೇಳಿ ನಮ್ಮ ಕ್ಲಾಸಿನ ಹುಡುಗಿಯರು ಅವನಿಗೆ ಹಾಕಿದ ಶಾಪ ಇಲ್ಲಿ ಬರೆಯುವ ಹಾಗಿಲ್ಲ.

ಅಜ್ಜನಿಗೆ ಗ್ಯಾರೆತ್ ಕಥೆಯನ್ನೂ ಹೇಳಿದ್ದೆ. "ಇವ್ನು ಪರವಾಗಿಲ್ಲ ಕಣಪ್ಪಾ, ಆದ್ರೂ ಅಣ್ಣನಂಗೆ ಒಲ್ಲೆ ಅಂದಿದ್ರೆ ಉಳೀತಿದ್ದ" ಅಂದರು. ಪ್ರಬಂಧದಲ್ಲಿ ಲ್ಯಾನ್ಸಲಾಟ್‌ಗೆ ಕೊಟ್ಟಿದ್ದ ಅಧ್ಯಾಯವನ್ನು ಈಗ ಗ್ಯಾರೆತ್‌ಗೆ ಬದಲಾಯಿಸುತ್ತಿದ್ದೇನೆ. ಗೈಡ್ ಇನ್ನೂ ಒಪ್ಪಿಲ್ಲ, ಇಷ್ಟು ಸಣ್ಣ ಪಾತ್ರದ ಮೇಲೆ ಏನು ಬರೀತೀಯಾ ಅನ್ನುತ್ತಿದ್ದಾರೆ. ಸೋಮವಾರ ಮತ್ತೆ ಕೇಳಬೇಕು.